ನಮ್ಮೂರ ಡೇರಿಗೆ ಹತ್ತಕ್ಕೆ ಏಳು ಕೊಡುತ್ತೇನೆ

ಹದಿನಾಲ್ಕು ವರ್ಷದಿಂದ ಹಾಲು ಹಾಕುತ್ತಿದ್ದೇನೆ. ಅದರಲ್ಲಿ ಎರಡು ವರ್ಷ ಖಾಸಗಿಯವರ ಗಾಡಿಗೆ, ಉಳಿದಷ್ಟೂ ನಮ್ಮೂರ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ. ನಮ್ಮ ಹಳೇ ಮೈಸೂರು ಕಡೆ ಯಾರೂ ಅದನ್ನು ಸಂಘ ಅನ್ನುವುದಿಲ್ಲ, ಡೇರಿ ಅನ್ನುತ್ತೇವೆ. ಹೋಟೆಲಿಗೆ, ಮೊಬೈಲಿಗೆ, ಮಿಕ್ಸಿಗೆಲ್ಲ ಜನ ವಿಮರ್ಶೆ ಬರೆಯುತ್ತಾರೆ. ದಿನಕ್ಕೆ ಎರಡು ಹೊತ್ತು, ಹಬ್ಬ ಹರಿದಿನ ಅನ್ನದೆ ನಾವು ಮೆಟ್ಟಿಲು ಹತ್ತುವ ಡೇರಿ ಬಗ್ಗೆ ಹಾಲು ಹಾಕುವವರೇ ಬರೆದದ್ದು ನಾನಂತೂ ಓದಿಲ್ಲ. ಹೊಸದಾಗಿ ಹಸು ಕಟ್ಟುವವರಿಗೆ ಹಾಲು ಎಲ್ಲಿಗೆ ಹಾಕೋದು ಅನ್ನುವ ಪ್ರಶ್ನೆ ಬಂದೇ ಬರುತ್ತದೆ, ಅಲ್ವಾ? ಅವರಿಗಾಗಿ ಇದು.

ಬೆಳಗ್ಗೆ ಆರಕ್ಕೆ ಬಾಗಿಲು ತೆಗೆಯುತ್ತಾರೆ. ಅಷ್ಟರಲ್ಲಿ ಹೊರಗೆ ಕ್ಯಾನು, ತಂಬಿಗೆ, ಬಕೆಟ್ಟು ಎಲ್ಲ ಸಾಲಾಗಿ ಕೂತಿರುತ್ತವೆ, ಜನ ಮಾತ್ರ ಜಗಲಿ ಮೇಲೆ. ನಮ್ಮ ಸರದಿ ಬಂದಾಗ ಪರೀಕ್ಷೆ ಮಾಡುವ ಹುಡುಗ ಹಾಲು ಕಲಕಿ, ಪುಟ್ಟ ಬಾಟಲಿಗೆ ಸ್ಯಾಂಪಲ್ ತೆಗೆದು ಮಿಷಿನ್ನಿನ ನಳಿಕೆಗೆ ಹಿಡಿಯುತ್ತಾನೆ. ಸ್ವಲ್ಪ ಹೊತ್ತು ಗುಂಯ್ ಅನ್ನುತ್ತದೆ. ಆಮೇಲೆ ಕೆಂಪು ಅಂಕಿ. ಫ್ಯಾಟ್, ಅಂದರೆ ಕೊಬ್ಬು, 3.5; ಎಸ್‌ಎನ್‌ಎಫ್, ಅಂದರೆ ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಸತ್ವ, 8.5 ಬಂದರೆ ನೆಮ್ಮದಿ. ಎಸ್‌ಎನ್‌ಎಫ್ 8.2ಕ್ಕೆ ಬಂತೋ, ಹಿಂಡಿ ಸಾಲಲಿಲ್ಲವೇ, ಕೆಚ್ಚಲು ಬಾವು ಶುರುವಾಗಿದೆಯೇ, ಬೇಸಿಗೆ ಜಾಸ್ತಿಯಾಯಿತೇ ಅಂತ ಮನೆವರೆಗೂ ಅದೇ ಯೋಚನೆ. ತೂಕ ಆಗಿ ಚೀಟಿ ಬರುತ್ತದೆ. ಹದಿನೈದು ದಿನಕ್ಕೊಮ್ಮೆ ಬಟವಾಡೆ, ದುಡ್ಡು ಸೀದಾ ಬ್ಯಾಂಕ್ ಖಾತೆಗೆ.

ಈ ಡೇರಿ ವಿಚಾರಕ್ಕೇ ನಮ್ಮ ಮನೆಯಲ್ಲಿ ಪ್ರತಿ ಯುಗಾದಿಗೆ ಒಂದು ದೊಡ್ಡ ವಾದ ನಡೆಯುತ್ತದೆ. ನಮ್ಮ ಮಾವನವರು ಡೇರಿ ಶುರುವಾದಾಗಿನ ಸದಸ್ಯರು, ಸಮಾಜವಾದಿ ಮನುಷ್ಯ. ಶಾಂತವೇರಿ ಗೋಪಾಲಗೌಡರ ಹೆಸರು ಎತ್ತಿದರೆ ಇವತ್ತಿಗೂ ಮಲಗಿದ್ದವರು ಎದ್ದು ಕೂರುತ್ತಾರೆ. ಮೈದುನ ಬೆಂಗಳೂರಿನಲ್ಲಿ ಕಂಪನಿ ಕೆಲಸದಲ್ಲಿದ್ದಾನೆ, ಮಾರುಕಟ್ಟೆಗೆ ಬಿಟ್ಟರೆ ಎಲ್ಲ ಸರಿಹೋಗುತ್ತದೆ ಅನ್ನುವವನು.

"ಹಾಲು ಕರೆಯೋರೇ ಯಜಮಾನರು, ಮಧ್ಯೆ ಸಾಹುಕಾರ ಇಲ್ಲ. ಒಂದು ಲೀಟರ್ ಹಾಕೋನಿಗೂ ಒಂದೇ ಓಟು, ನೂರು ಲೀಟರ್ ಹಾಕೋನಿಗೂ ಒಂದೇ ಓಟು. ಸಮಾಜವಾದ ಅಂದ್ರೆ ಇನ್ನೇನಪ್ಪಾ?" ಅಂತ ಮಾವ.

"ಅಪ್ಪಾ, ಸಮಾಜವಾದ ಹೆಂಗಿರುತ್ತೆ ಅಂತ ನೀವೇ ನೋಡಿದ್ದೀರಲ್ಲ. ಸ್ಕೂಟರಿಗೆ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು, ಫೋನಿಗೂ ಅಷ್ಟೇ. 1991ರಲ್ಲಿ ಮಾರುಕಟ್ಟೆ ತೆರೆದ ಮೇಲೆ ತಾನೇ ಕೇಳಿದ್ದು ಸಿಗೋಕೆ ಶುರುವಾಗಿದ್ದು? ಇನ್ನು ನಿಮ್ಮ ಡೇರಿ ಊರಿಗೆ ಬಂದಿದ್ದು ವಿಶ್ವ ಬ್ಯಾಂಕ್ ಸಾಲದಲ್ಲಿ" ಅಂತ ಮೈದುನ.

ಅವನು ಹೇಳುವುದು ಸುಳ್ಳಲ್ಲ. ಕರ್ನಾಟಕದಲ್ಲಿ 1974ರಲ್ಲಿ ಹೈನು ಅಭಿವೃದ್ಧಿ ನಿಗಮ ಶುರುವಾದದ್ದು ವಿಶ್ವ ಬ್ಯಾಂಕ್ ನೆರವಿನ ಯೋಜನೆಯಲ್ಲೇ, ಅದೇ ಮುಂದೆ ನಂದಿನಿ ಹಾಲು ಮಾರುವ ಕೆಎಂಎಫ್ ಆಯಿತು. ಆದರೆ ಮಾವನವರೂ ಸುಮ್ನೆ ಬಿಡುವವರಲ್ಲ, ಗುಜರಾತಿನ ಕಥೆ ತೆಗೆಯುತ್ತಾರೆ. ಖೇಡಾ ಜಿಲ್ಲೆಯ ಹಾಲನ್ನೆಲ್ಲ ಪೋಲ್ಸನ್ ಅನ್ನುವ ಖಾಸಗಿ ಡೇರಿ ಕೊಳ್ಳುತ್ತಿತ್ತು. ಮುಂಬೈಗೆ ಹಾಲು ಕಳಿಸುವ ಹಕ್ಕು ಅದಕ್ಕೇ ಇತ್ತು. ರೈತ ಬೇರೆ ಯಾರಿಗೆ ಮಾರಬೇಕು? ಹಾಲು ರಾಗಿಯಲ್ಲ, ಬೆಲೆ ಬರಲಿ ಅಂತ ಕಣಜಕ್ಕೆ ತುಂಬಿ ಕಾಯುವುದಕ್ಕೆ ಆಗುವುದಿಲ್ಲ. ಬೆಳಗ್ಗೆ ಕರೆದದ್ದು ಮಧ್ಯಾಹ್ನಕ್ಕೆ ಒಡೆಯುತ್ತದೆ. ರೈತರು ಹೋಗಿ ಸರ್ದಾರ್ ಪಟೇಲರ ಹತ್ತಿರ ಹೇಳಿಕೊಂಡರು, ಹಾಲು ಕೊಡುವುದನ್ನೇ ನಿಲ್ಲಿಸಿ ಮುಷ್ಕರ ಮಾಡಿದರು, 1946ರಲ್ಲಿ ತಮ್ಮದೇ ಸಹಕಾರ ಒಕ್ಕೂಟ ಕಟ್ಟಿದರು. ತ್ರಿಭುವನದಾಸ್ ಪಟೇಲರು ಮುಂದಾಳು, ಆಮೇಲೆ ಅದನ್ನು ನಡೆಸಲು ವರ್ಗೀಸ್ ಕುರಿಯನ್ ಬಂದರು. ಅದೇ ಅಮುಲ್. ನಮ್ಮ ನಂದಿನಿಯೂ ಅದೇ ಅಚ್ಚಿನದು: ಹಳ್ಳಿಯಲ್ಲಿ ಸಂಘ, ಅದರ ಮೇಲೆ ಒಕ್ಕೂಟ, ರಾಜ್ಯಕ್ಕೊಂದು ಮಹಾಮಂಡಳ. ಸಹಕಾರ ಅನ್ನುವುದೇನು ನಮ್ಮ ನಾಡಿಗೆ ಹೊರಗಿನಿಂದ ಬಂದ ಮಾತಲ್ಲ, ಗದಗದ ಕಣಗಿನಹಾಳದಲ್ಲಿ 1905ರಲ್ಲೇ ರೈತರ ಸಹಕಾರ ಸಂಘ ಹುಟ್ಟಿತ್ತು.

ಈ ವಾದ ಕೇಳಿಕೊಂಡು ಒಬ್ಬಟ್ಟು ತಟ್ಟುತ್ತಿದ್ದ ನನಗೆ ತೀರ್ಪು ಸಿಕ್ಕಿದ್ದು ಬೇರೆ ಕಡೆ. ಮೊದಲು ಖಾಸಗಿ ಗಾಡಿಯ ವಿಷಯ ಹೇಳಬೇಕು, ಯಾಕೆಂದರೆ ನಾನು ಅಲ್ಲಿಗೆ ಹೋದದ್ದು ದುರಾಸೆಗಲ್ಲ.

2018ರಲ್ಲಿ ನಮ್ಮೂರಿಗೆ ಆ ಗಾಡಿ ಬರಲು ಶುರುವಾಯಿತು. ಡೇರಿಗಿಂತ ಲೀಟರಿಗೆ ಮೂರು ರೂಪಾಯಿ ಜಾಸ್ತಿ. ವಾರ ವಾರ ಕೈಗೆ ದುಡ್ಡು. ಮನೆ ಬಾಗಿಲಿಗೇ ಬಂದು ಹಾಲು ಒಯ್ಯುತ್ತಿದ್ದರು. ಎಲ್ಲಕ್ಕಿಂತ ದೊಡ್ಡ ಸಹಾಯ ಅಂದರೆ ಇನ್ನೊಂದು ಹಸು ತರಲು ಮೂವತ್ತು ಸಾವಿರ ಮುಂಗಡ ಕೊಟ್ಟರು, ಒಂದು ಕಾಗದವನ್ನೂ ಕೇಳದೆ. ಅದೇ ವರ್ಷ ಡೇರಿಯಲ್ಲಿ ಬಟವಾಡೆ ಒಂದೂವರೆ ತಿಂಗಳು ನಿಂತಿತ್ತು. ಕೇಳಿದರೆ "ಬರುತ್ತಮ್ಮ, ಎಲ್ಲಿ ಹೋಗುತ್ತೆ" ಅನ್ನುತ್ತಿದ್ದರು. ಮಗಳ ಹಾಸ್ಟೆಲ್ ಫೀಸು ಕಟ್ಟಬೇಕಿತ್ತು, ಹಿಂಡಿ ಅಂಗಡಿಯ ಬಾಕಿ ಬೆಳೆದಿತ್ತು. ನಾನು ಗಾಡಿಗೆ ಹಾಕಿದೆ. ಮಾವನವರು ನಾಲ್ಕು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಇವತ್ತು ಅದೇ ಪರಿಸ್ಥಿತಿ ಬಂದರೂ ನಾನು ಹಾಗೇ ಮಾಡುತ್ತೇನೆ.

ಗಾಡಿ ಬಂದದ್ದರಿಂದ ಡೇರಿಗೂ ಒಳ್ಳೆಯದಾಯಿತು. ಐವತ್ತು ಅರವತ್ತು ಮನೆಯವರು ಒಟ್ಟಿಗೆ ಬಿಟ್ಟು ಹೋದ ಮೇಲೆ ನೋಡಿ, ಹಳೇ ಮಿಷಿನ್ ಹೋಗಿ ಹೊಸದು ಬಂತು, ಕೈಬರಹದ ಪುಸ್ತಕ ಹೋಗಿ ಚೀಟಿ ಬಂತು, ಬಟವಾಡೆ ಹೇಳಿದ ದಿನಕ್ಕೆ ಬೀಳಲು ಶುರುವಾಯಿತು. ಮಾವನವರಿಗೂ ಇದನ್ನೇ ಹೇಳಿದೆ: "ನಾವು ಬಿಟ್ಟು ಹೋಗಬಹುದು ಅಂತ ಗೊತ್ತಾದ ಮೇಲೇ ಅಲ್ವಾ ಮಾವ ನಮ್ಮ ಮಾತು ಕೇಳಿದ್ದು?" ಅವರು "ಹೂಂ" ಅಂದರು, ಅಷ್ಟೇ.

ಆದರೆ ಗಾಡಿಯ ದರಕ್ಕೆ ಇನ್ನೊಂದು ಮುಖ ಇತ್ತು. ಬೇಸಿಗೆಯಲ್ಲಿ ಹಾಲು ಕಮ್ಮಿ ಇದ್ದಾಗ ಜಾಸ್ತಿ ಕೊಡುತ್ತಿದ್ದರು. ಮಳೆ ಬಿದ್ದು ಹಸಿರು ಮೇವು ಚಿಗುರಿ ಎಲ್ಲರ ಮನೆಯಲ್ಲೂ ಹಾಲು ಹೆಚ್ಚಾದಾಗ ಐದು, ಆರು ರೂಪಾಯಿ ಇಳಿಸುತ್ತಿದ್ದರು. ಡೇರಿಯಲ್ಲೂ ದರ ಇಳಿದದ್ದಿದೆ, ಆದರೆ ಒಂದೆರಡು ರೂಪಾಯಿ. ಗಾಡಿಯವರನ್ನು ಯಾಕೆ ಅಂತ ಕೇಳುವಂತಿಲ್ಲ. ಮುಂಗಡ ತೀರುವವರೆಗೆ ಬಿಡುವಂತೆಯೂ ಇಲ್ಲ. ನಮ್ಮ ಅತ್ತೆ ಕಾಲದಲ್ಲಿ ಸಾಹುಕಾರನ ಹತ್ತಿರ ಸಾಲ ತಂದು ಅವನಿಗೇ ಬೆಲ್ಲ ಅಳೆಯುತ್ತಿದ್ದರಂತೆ. ನನಗೆ ಅದು ನೆನಪಾಗುತ್ತಿತ್ತು.

ಆಮೇಲೆ 2020ರ ಮಾರ್ಚ್ ಬಂತು. ಲಾಕ್‌ಡೌನ್. ಹೋಟೆಲ್ ಮುಚ್ಚಿದವು, ಮದುವೆ ನಿಂತವು, ಬೇಕರಿ ಮುಚ್ಚಿದವು. ಮೂರನೇ ದಿನ ಗಾಡಿ ಬರಲಿಲ್ಲ. ಫೋನ್ ಮಾಡಿದರೆ ಸ್ವಿಚ್ಡ್ ಆಫ್. ಮೂರು ಹಸು, ಹೊತ್ತಿಗೆ ಹದಿನೆಂಟು ಲೀಟರ್ ಹಾಲು. ಹಸುವಿಗೆ ಲಾಕ್‌ಡೌನ್ ಗೊತ್ತಿಲ್ಲವಲ್ಲ, ಕರೆಯದಿದ್ದರೆ ಕೆಚ್ಚಲು ಬಿಗಿದು ಒದ್ದಾಡುತ್ತದೆ. ಒಂದು ದಿನ ಅಕ್ಕಪಕ್ಕದವರಿಗೆ ಹಂಚಿದೆ, ಹೆಪ್ಪು ಹಾಕಿದೆ, ಬೆಣ್ಣೆ ತೆಗೆದೆ. ಎರಡನೇ ದಿನ ಸಂಜೆಯ ಹಾಲನ್ನು ತೆಂಗಿನ ಬುಡಕ್ಕೆ ಸುರಿದೆ. ಕೆಂಪು ಮಣ್ಣಿನ ಮೇಲೆ ಬೆಳ್ಳಗೆ ಹರಿದು ಇಂಗಿ ಹೋದದ್ದು ಈಗಲೂ ಕಣ್ಣಲ್ಲಿದೆ.

ಮಾರನೆಯ ಬೆಳಗ್ಗೆ ಕ್ಯಾನು ಹಿಡಿದು ಡೇರಿಗೆ ಹೋದೆ. ಎರಡು ವರ್ಷ ಬಿಟ್ಟು ಹೋದವಳು, ಬೇಡ ಅಂದರೂ ನಾನು ಮಾತಾಡುವಂತಿರಲಿಲ್ಲ. ಕಾರ್ಯದರ್ಶಿ ಮುಖ ನೋಡಿದರು. "ಹಾಕಿ ಅಕ್ಕ, ಇಂದಿನಿಂದ ಹೊಸ ಲೆಕ್ಕ ಬರೆಯುತ್ತೇನೆ" ಅಂದರು. ಆ ವರ್ಷ ಒಂದು ಹೊತ್ತೂ ಡೇರಿ ಬಾಗಿಲು ಮುಚ್ಚಲಿಲ್ಲ. ಅಂತರಕ್ಕೆ ಸುಣ್ಣದಲ್ಲಿ ವೃತ್ತ ಬರೆದರು, ನಾವು ವೃತ್ತದಲ್ಲಿ ನಿಂತು ಹಾಲು ಹಾಕಿದೆವು. ಪೇಟೆಯಲ್ಲಿ ಮಾರಾಟವಾಗದೆ ಉಳಿದ ಹಾಲನ್ನು ಸರ್ಕಾರ ಕೊಂಡು ಬಡವರಿಗೆ ಹಂಚಿತು, ಉಳಿದದ್ದು ಪುಡಿಯಾಯಿತು.

ಮೈದುನನಿಗೆ ಇದನ್ನು ಹೇಳಿದಾಗ ಅವನು ಕೇಳಿದ ಪ್ರಶ್ನೆಯೂ ನ್ಯಾಯವಾದದ್ದೇ. "ಅತ್ತಿಗೆ, ಅದು ತೆರಿಗೆ ಕಟ್ಟೋರ ದುಡ್ಡಲ್ವಾ? ಲೀಟರಿಗೆ ಸರ್ಕಾರ ಪ್ರೋತ್ಸಾಹಧನ ಕೊಡುತ್ತೆ, ಶಾಲೆಗೆ ಹಾಲಿನ ಪುಡಿ ಕೊಳ್ಳುತ್ತೆ. ಆ ಖಾಸಗಿಯವನಿಗೆ ಯಾರು ಕೊಡ್ತಾರೆ?" ನಿಜ. 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಶುರುವಾದ ಪ್ರೋತ್ಸಾಹಧನ 5 ರೂಪಾಯಿಗೆ ಬಂದಿದೆ. 2013ರಿಂದ ಕ್ಷೀರಭಾಗ್ಯ ಇದೆ, ಶಾಲೆ ಮಕ್ಕಳಿಗೆ 150 ಮಿಲಿ ಹಾಲು. ಇದರ ಬೆಂಬಲ ಇಲ್ಲದಿದ್ದರೆ ಡೇರಿಗೆ ಕಷ್ಟ ಆಗುತ್ತಿತ್ತು, ಒಪ್ಪುತ್ತೇನೆ. ಆದರೆ ಆ ದುಡ್ಡು ಒಬ್ಬ ಮಾಲೀಕನ ಜೇಬಿಗೆ ಹೋಗುತ್ತಿಲ್ಲ, ನಮ್ಮೂರಿನ ನೂರಾರು ಮನೆಗೆ ಐನೂರು ಸಾವಿರ ಅಂತ ಬೀಳುತ್ತದೆ. ಅದರಲ್ಲಿ ಗಂಡ ತೀರಿಕೊಂಡ ಹೆಂಗಸರಿದ್ದಾರೆ, ಜಮೀನೇ ಇಲ್ಲದೆ ಒಂದು ಹಸು ನಂಬಿ ಬದುಕುವವರಿದ್ದಾರೆ. ನನ್ನ ಅಳತೆ ಇಷ್ಟೇ. ಯಾರಿಗೂ ಹಾಲು ಬೇಡವಾದ ದಿನ ಅದರ ಪೆಟ್ಟು ಯಾರ ಮೇಲೆ ಬೀಳುತ್ತದೆ? ಗಾಡಿಯ ಪದ್ಧತಿಯಲ್ಲಿ ಪೂರ್ತಿ ನನ್ನ ಮೇಲೆ ಬಿತ್ತು. ಡೇರಿಯಲ್ಲಿ ಹಂಚಿಕೊಂಡೆವು.

ಹಾಗಾದರೆ ಮೂರು ಮಾರ್ಕ್ಸು ಯಾಕೆ ಕಳೆದೆ? ಮಾವನವರು ಹೇಳುವ "ಹಾಲು ಕರೆಯೋರೇ ಯಜಮಾನರು" ಅನ್ನುವುದು ಕಾಗದದ ಮೇಲೆ ಜಾಸ್ತಿ, ಜಗಲಿ ಮೇಲೆ ಕಮ್ಮಿ. ಹಾಲು ಕರೆಯುವವರು ನಾವು ಹೆಂಗಸರು. ಸದಸ್ಯತ್ವದ ಷೇರು ಇರುವುದು ಗಂಡಸರ ಹೆಸರಲ್ಲಿ. ನನ್ನ ಹೆಸರಿಗೆ ಮಾಡಿಸಿಕೊಳ್ಳಲು ಎಂಟು ತಿಂಗಳು ಓಡಾಡಿದೆ. ಆಡಳಿತ ಮಂಡಳಿ ಚುನಾವಣೆ ಬಂದರೆ ಊರಲ್ಲಿ ಎರಡು ಪಕ್ಷ, ಎರಡು ಬಾಡೂಟ. ಗೆದ್ದವರ ಕಡೆಯವರ ಹಾಲಿಗೆ ಫ್ಯಾಟು ಏರುವುದನ್ನೂ ನೋಡಿದ್ದೇನೆ. ಹಳೇ ಮಿಷಿನ್ ಇದ್ದಾಗ ಅಂಕಿ ಕಾಣುವ ಮುಖ ಗೋಡೆ ಕಡೆ ಇರುತ್ತಿತ್ತು. ಹುಡುಗ ಬಾಯಲ್ಲಿ ಹೇಳಿದ್ದೇ ಲೆಕ್ಕ. ಒಂದು ದಿನ ನಮ್ಮ ಗೌರಿಯ ಹಾಲನ್ನೇ ಎರಡು ತಂಬಿಗೆ ಮಾಡಿ, ಒಂದನ್ನು ನನ್ನ ಹೆಸರಲ್ಲಿ, ಇನ್ನೊಂದನ್ನು ಮಂಡಳಿಯವರ ನೆಂಟರೊಬ್ಬರ ಹೆಸರಲ್ಲಿ ಹಾಕಿಸಿದೆವು. ನನ್ನದು 3.4, ಅವರದು 4.1. ಒಂದೇ ಹಸು, ಒಂದೇ ಕರೆತ! ವಾರ್ಷಿಕ ಮಹಾಸಭೆಯಲ್ಲಿ ಎದ್ದು ನಿಂತು ಕೇಳಿದೆ. ಕಾಲು ನಡುಗುತ್ತಿತ್ತು. ಹಿಂದಿನ ಸಾಲಿನ ಹೆಂಗಸರು "ಹೇಳಕ್ಕ, ಹೇಳು" ಅಂದರು. ಮಿಷಿನ್ ಮುಖ ಈಚೆಗೆ ತಿರುಗಿತು, ಈಗ ಎಲ್ಲರಿಗೂ ಅಂಕಿ ಕಾಣುತ್ತದೆ. ಗಾಡಿಯವರನ್ನು ಹೀಗೆ ಕೇಳಲು ನನಗೆ ಯಾವ ಸಭೆ ಇತ್ತು ಹೇಳಿ?

ಇನ್ನೂ ಸರಿಯಾಗದ್ದು ಇದೆ. ಸಭೆಗೆ ಬರುವವರು ಸಹಿ ಹಾಕಿ, ಖಾರ ಸ್ವೀಟು ಪೊಟ್ಟಣ ತೆಗೆದುಕೊಂಡು, ಲೆಕ್ಕ ಓದುವ ಮೊದಲೇ ಎದ್ದು ಹೋಗುತ್ತಾರೆ. ಹಸುವಿಗೆ ರಾತ್ರಿ ಹುಷಾರು ತಪ್ಪಿದರೆ ಡಾಕ್ಟರು ಸಿಗುವುದು ಕಷ್ಟ. ಬೋನಸ್ ಲೆಕ್ಕ ನನಗೆ ಇನ್ನೂ ಪೂರ್ತಿ ಅರ್ಥವಾಗುವ ಹಾಗೆ ಯಾರೂ ಹೇಳಿಲ್ಲ. ಆದರೆ ಡೇರಿಯಲ್ಲಿ ಸಿಗುವ ಮೇವಿನ ಬೀಜ, ಖನಿಜ ಮಿಶ್ರಣ, ಹಸುವಿಗೆ ಗರ್ಭ ಕಟ್ಟಿಸುವ ವ್ಯವಸ್ಥೆ, ವಿಮೆ ಇವೆಲ್ಲ ಚೆನ್ನಾಗಿವೆ.

ಹೊಸದಾಗಿ ಸೇರುವವರು ಮೊದಲು ಎರಡು ದಿನ ಸುಮ್ನೆ ಹೋಗಿ ನಿಂತು ನೋಡಿ. ಪರೀಕ್ಷೆ ಮಿಷಿನ್ ಯಾರ ಕಡೆ ಮುಖ ಮಾಡಿದೆ? ಚೀಟಿ ಪ್ರತಿ ಹೊತ್ತೂ ಕೊಡುತ್ತಾರಾ? ಕೊಟ್ಟ ಚೀಟಿಗಳನ್ನು ಎಸೆಯಬೇಡಿ, ದಾರಕ್ಕೆ ಪೋಣಿಸಿ ಇಟ್ಟು ಬಟವಾಡೆ ದಿನ ಕೂಡಿ ನೋಡಿ. ಷೇರನ್ನು ಹಾಲು ಕರೆಯುವವರ ಹೆಸರಲ್ಲೇ ಮಾಡಿಸಿ. ಬೈಲಾದಲ್ಲಿ, ಅಂದರೆ ಸಂಘದ ನಿಯಮದಲ್ಲಿ, ಹೇಳಿರುವಷ್ಟು ದಿನ ಹಾಲು ಹಾಕದಿದ್ದರೆ ಓಟು ಹೋಗುತ್ತದೆ, ಗಾಡಿಗೆ ಹಾಕಿದ ಎರಡು ವರ್ಷ ನನ್ನದೂ ಹೋಗಿತ್ತು. ಮಹಾಸಭೆಯ ನೋಟಿಸನ್ನು ಡೇರಿ ಬಾಗಿಲ ಹಿಂದೆ ಅಂಟಿಸುವ ಅಭ್ಯಾಸ ನಮ್ಮೂರಲ್ಲಿದೆ, ನಿಮ್ಮೂರಲ್ಲೂ ಇರಬಹುದು. ಬಾಗಿಲು ಸರಿಸಿ ನೋಡಿ.