ಮೋಫಾ: ಬ್ಯಾಡಗಿ ಮೆಣಸಿನಕಾಯಿ ಡೇಟಾ ಹಾಕಿ ನೋಡಿದೆ

ಧಾರವಾಡದ ಸಪ್ತಾಪುರದ ರೂಮಿನಲ್ಲಿ ಕೂತು ಮೂರು ತಿಂಗಳು ಬಳಸಿದ ಮೇಲೆ ಬರೆಯುತ್ತಿದ್ದೇನೆ. ಮೋಫಾ ಅಂದರೆ ಒಂದೇ ಸ್ಯಾಂಪಲ್‌ಗಳ ಹಲವು ಬಗೆಯ ಜೈವಿಕ ಅಳತೆಗಳನ್ನು ಒಟ್ಟಿಗೆ ವಿಶ್ಲೇಷಿಸುವ, 2018ರಲ್ಲಿ ಬಂದ ಪುಕ್ಕಟೆ ಸಾಫ್ಟ್‌ವೇರ್. ಬ್ಯಾಡಗಿ ಮೆಣಸಿನಕಾಯಿಯ ಆರ್‌ಎನ್‌ಎ (ಯಾವ ಜೀನ್ ಎಷ್ಟು ಚುರುಕಾಗಿದೆ ಅನ್ನುವುದು), ಮಿಥೈಲೇಷನ್ (ಡಿಎನ್‌ಎ ಮೇಲಿನ ರಾಸಾಯನಿಕ ಗುರುತು), ಮೆಟಾಬೊಲೈಟ್ (ಜೀವಕೋಶದಲ್ಲಿನ ಸಣ್ಣ ರಾಸಾಯನಿಕಗಳು) ಮೂರನ್ನೂ ಒಟ್ಟಿಗೆ ಕೊಟ್ಟೆ. ಇವುಗಳಲ್ಲಿ ಒಂದರಲ್ಲೋ ಹಲವುದರಲ್ಲೋ ಜೊತೆಜೊತೆಗೆ ಕಾಣುವ ಏರಿಳಿತವನ್ನು ‘ಫ್ಯಾಕ್ಟರ್’ ಅಂತ ಹೆಕ್ಕಿ ಕೊಡುತ್ತದೆ. ಕೆಲವು ಸ್ಯಾಂಪಲ್‌ಗೆ ಒಂದು ಅಳತೆ ಇಲ್ಲದಿದ್ದರೂ ನಡೆಯುತ್ತದೆ, ದೊಡ್ಡ ಉಪಕಾರ.

ಮೊದಲ ಫ್ಯಾಕ್ಟರ್ ನೋಡಿ ಕುಣಿದಾಡಿದೆ. ಆಮೇಲೆ ತಿಳಿಯಿತು, ಅದು ಬಣ್ಣವೂ ಅಲ್ಲ, ಖಾರವೂ ಅಲ್ಲ. ಸೋಮವಾರ ತೆಗೆದ ಆರ್‌ಎನ್‌ಎ ಒಂದು ಕಡೆ, ಗುರುವಾರದ್ದು ಇನ್ನೊಂದು ಕಡೆ! ಅಂದರೆ ಅದು ಹಿಡಿದದ್ದು ಕಾಯಿಯ ಗುಣವನ್ನಲ್ಲ, ಆರ್‌ಎನ್‌ಎ ತೆಗೆದ ದಿನದ ವ್ಯತ್ಯಾಸವನ್ನು. ತಪ್ಪು ನನ್ನದೇ ಅಲ್ವಾ. ಎರಡನೆಯ ಫ್ಯಾಕ್ಟರ್‌ನಲ್ಲಿ ಮಾತ್ರ ಕೆಂಪು ಬಣ್ಣದ ಕ್ಯಾಪ್ಸಾಂಥಿನ್, ಅದನ್ನು ತಯಾರಿಸುವ ಸಿಸಿಎಸ್ ಜೀನ್ ಎರಡೂ ಒಟ್ಟಿಗೆ ಮೇಲೆ ಬಂದವು.

ಇನ್‌ಸ್ಟಾಲ್ ಮಾಡುವಾಗ ಆರ್, ಪೈಥಾನ್ ಎಂಬ ಎರಡು ಪ್ರೋಗ್ರಾಮಿಂಗ್ ಭಾಷೆಗಳ ಜಗಳ ಬಿಡಿಸಲು ಎರಡು ದಿನ ಹೋದವು. ಸ್ಯಾಂಪಲ್ 15ಕ್ಕಿಂತ ಕಡಿಮೆ ಇದ್ದರೆ ಸುಮ್ನೆ ಕೈ ಹಾಕಬೇಡಿ.