ಹಳೆಯ ಕಾರನ್ನು ಮೈಲಿ ಓಟಕ್ಕೆ ಒಯ್ಯುವವರು ಮೊದಲು ಟೈರಿನ ಒಳಮಗ್ಗುಲು ನೋಡಿ

ನನ್ನ ಕಾರಿನ ಎಡ ಹಿಂಬದಿಯ ಚಕ್ರವನ್ನು ಬಿಚ್ಚಿ ನೆಲದ ಮೇಲೆ ಮಗುಚಿ ಹಾಕಿ, ಒಳಮಗ್ಗುಲಿಗೆ ಮೆತ್ತಿದ್ದ ಮಣ್ಣನ್ನು ಒದ್ದೆ ಬಟ್ಟೆಯಿಂದ ಒರೆಸಿದಾಗ ನಾಲ್ಕು ಅಂಕಿಗಳು ಕಂಡವು: 2314. ಅಂದರೆ 2014ನೆಯ ಇಸವಿಯ 23ನೆಯ ವಾರ, ಜೂನ್ ತಿಂಗಳ ಮೊದಲ ಭಾಗದಲ್ಲಿ ತಯಾರಾದ ಟೈರು ಅದು. ಅದನ್ನು ಬಳ್ಳಾರಿಯ ಅಂಗಡಿಯೊಂದರಲ್ಲಿ ಹೊಸದೆಂದು ನಂಬಿ ನಾನು ಹಣ ಕೊಟ್ಟದ್ದು 2024ರ ಜನವರಿಯಲ್ಲಿ. ಅದೇ ಏಪ್ರಿಲ್‌ನಲ್ಲಿ, ಹೊರರಾಜ್ಯದ ಖಾಸಗಿ ರನ್‌ವೇಯೊಂದರ ಮೇಲೆ, ಗಂಟೆಗೆ 170 ಕಿ.ಮೀ. ಸಮೀಪದ ವೇಗದಲ್ಲಿ ಆ ಟೈರಿನ ಬಟನ್ ಪದರ, ಅಂದರೆ ನೆಲಕ್ಕೆ ತಾಗುವ ಗೀರುಗಳುಳ್ಳ ಮೇಲ್ಪದರ, ಪೂರ್ತಿಯಾಗಿ ಕಿತ್ತುಹೋಯಿತು. ನಾನು ಜೀವಂತವಾಗಿ ಕುಳಿತು ಇದನ್ನು ಬರೆಯುತ್ತಿರುವುದಕ್ಕೆ ನನ್ನ ಚಾಲನೆಗಿಂತ ಆ ರನ್‌ವೇಯ ಅಗಲವೇ ಹೆಚ್ಚು ಕಾರಣ.

ಮೈಲಿ ಓಟವೆಂದರೆ ನಿಂತಲ್ಲಿಂದ ಹೊರಟು 1,609 ಮೀಟರ್ ಓಡಿ, ಕೊನೆಯ ಗುರುತಿನಲ್ಲಿ ಮುಟ್ಟಿದ ವೇಗವನ್ನು ಅಳೆಯಿಸಿಕೊಳ್ಳುವುದು. ನಮ್ಮ ಕಡೆಯ ಹುಡುಗರಿಗೆ ಹೆಚ್ಚು ಪರಿಚಿತವಾದ ಡ್ರ್ಯಾಗ್ ರೇಸು 402 ಮೀಟರಿಗೇ ಮುಗಿಯುವುದರಿಂದ, ನನ್ನಂಥ ಕಾರಿನಲ್ಲಿ ಹದಿನೇಳು ಹದಿನೆಂಟು ಸೆಕೆಂಡಿಗೆ ಕಾಲು ತೆಗೆದುಬಿಡಬಹುದು. ಮೈಲಿ ಓಟದಲ್ಲಾದರೆ ಆಕ್ಸಿಲರೇಟರನ್ನು ಸುಮಾರು ಮುಕ್ಕಾಲು ನಿಮಿಷ ತಳಕ್ಕೆ ಒತ್ತಿಯೇ ಇಡಬೇಕು, ಮತ್ತು ಆ ಅವಧಿಯ ಕೊನೆಯ ಭಾಗದಲ್ಲಿ ಕಾರು ತನ್ನ ಗರಿಷ್ಠ ವೇಗದ ಹತ್ತಿರಕ್ಕೆ ಬಂದಿರುತ್ತದೆ. 402 ಮೀಟರಿನಲ್ಲಿ ಬಯಲಿಗೆ ಬಾರದ ದೋಷ ಇಲ್ಲಿ ಬಯಲಾಗುವುದು ಈ ಕಾರಣಕ್ಕೆ.

ನನ್ನದು 2001ರ ಹೋಂಡಾ ಸಿಟಿ ವಿಟೆಕ್. ಒಂದೂವರೆ ಲೀಟರ್ ಎಂಜಿನ್ನು, ಹೊಸದಿದ್ದಾಗ 106 ಅಶ್ವಶಕ್ತಿ. ನಮ್ಮ ತಂದೆಯವರು ಕೊಂಡ ಕಾರು ಅದು. ಮಾರಲು ಮನಸ್ಸಾಗದೆ ಉಳಿಸಿಕೊಂಡಿದ್ದೆ. ಗಾಂಧಿನಗರದ ನಮ್ಮ ಮನೆಯ ಶೆಡ್ಡಿನಲ್ಲಿ ಆರು ತಿಂಗಳು ಅದರ ಮೇಲೆ ಕೆಲಸ ನಡೆಯಿತು. ಸಂಡೂರಿನ ರಸ್ತೆಯಲ್ಲಿ ವರ್ಷಗಟ್ಟಲೆ ಓಡಾಡಿದ ಕಾರಾದ್ದರಿಂದ ರೇಡಿಯೇಟರಿನ ರೆಕ್ಕೆಗಳ ನಡುವೆ ಅದಿರಿನ ಕೆಂಪು ಧೂಳು ಇಟ್ಟಿಗೆಯಂತೆ ಗಟ್ಟಿಯಾಗಿ ಕೂತಿತ್ತು. ಮೃದುವಾದ ಬ್ರಷ್ಷು ಹಿಡಿದು ಹಿಂಬದಿಯಿಂದ ನೀರು ಬಿಡುತ್ತಾ ಅದನ್ನು ತೆಗೆಯುವುದಕ್ಕೆ ಒಂದು ಭಾನುವಾರ ಪೂರ್ತಿ ಹಿಡಿಯಿತು. ವಾಲ್ವುಗಳನ್ನು ಉಜ್ಜಿಸಿದೆ, ಪಿಸ್ಟನ್ ರಿಂಗು ಬದಲಿಸಿದೆ, ಸೈಲೆನ್ಸರಿನ ದಾರಿ ಸಡಿಲಗೊಳಿಸಿದೆ. ಎಂಜಿನ್ನಿಗೇ 1,40,000 ರೂಪಾಯಿ ಖರ್ಚಾಯಿತು. ನಾಲ್ಕು ಟೈರಿಗೆ ನಾನು ಕೊಟ್ಟದ್ದು 11,000 ರೂಪಾಯಿ. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡುವ ಬುದ್ಧಿ ಆಗ ನನಗೆ ಇರಲಿಲ್ಲ.

ಎಂಜಿನ್ನಿಗೆ ಸುರಿದ ಹಣದಿಂದ ಸಿಗುವ ಲಾಭವೂ ನಾವು ಅಂದುಕೊಂಡಷ್ಟಿಲ್ಲ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ, ಆ ತಡೆಯನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 150 ಕಿ.ಮೀ.ಯಿಂದ 170ಕ್ಕೆ ಹೋಗಬೇಕಾದರೆ ಗಾಳಿಯನ್ನು ಸೀಳುವುದಕ್ಕೇ ಸುಮಾರು ಒಂದೂವರೆ ಪಟ್ಟು ಶಕ್ತಿ ಬೇಕು. ನಾಲ್ಕೈದು ಕಿಲೋಮೀಟರಿನ ಆಸೆಗಾಗಿ ಎಂಜಿನ್ನಿನ ಮೇಲೆ ಸಾವಿರಾರು ರೂಪಾಯಿ ಸುರಿಯುವ ಮೊದಲು, ಆಗಲೇ ಇರುವ ವೇಗವನ್ನು ತಡೆದುಕೊಳ್ಳುವ ಶಕ್ತಿ ಕಾರಿನ ಉಳಿದ ಭಾಗಗಳಿಗೆ ಇದೆಯೇ ಎಂದು ದಯವಿಟ್ಟು ಪರೀಕ್ಷಿಸಿ.

ಟೈರು ಕೊಂಡ ದಿನದ ವಿಷಯಕ್ಕೆ ಬರುತ್ತೇನೆ. ಅಂಗಡಿಯವರು ತೋರಿಸಿದ ಟೈರುಗಳ ಮೇಲೆ ರಬ್ಬರಿನ ಸಣ್ಣ ಕೂದಲುಗಳು ಹಾಗೆಯೇ ಇದ್ದವು, ಬಟನ್ ಒಂದಿಷ್ಟೂ ಸವೆದಿರಲಿಲ್ಲ, ಕಪ್ಪು ಪಾಲಿಶ್ ಹೊಳೆಯುತ್ತಿತ್ತು. "ಫ್ರೆಶ್ ಮಾಲ್ ಅದ ಸರ್, ಕಣ್ಮುಚ್ಚಿ ಹಾಕ್ಸ್ರಿ" ಎಂದರು. ಬಿಲ್ಲು ಬೇಡವೆಂದರೆ ಇನ್ನಷ್ಟು ಕಡಿಮೆಗೆ ಕೊಡುತ್ತೇವೆ ಎಂದರು, ನಾನು ಒಪ್ಪಿದೆ. ತಯಾರಿಕೆಯ ವಾರ ಮತ್ತು ವರ್ಷವನ್ನು ಹೇಳುವ ಆ ನಾಲ್ಕು ಅಂಕಿಗಳು ಅನೇಕ ಟೈರುಗಳಲ್ಲಿ ಒಂದು ಮಗ್ಗುಲಲ್ಲಿ ಮಾತ್ರ ಇರುತ್ತವೆ. ನಾಲ್ಕೂ ಟೈರುಗಳನ್ನು ಆ ಮಗ್ಗುಲು ಒಳಗೆ ಹೋಗುವಂತೆ ರಿಮ್ಮಿಗೆ ಕೂರಿಸಿದ್ದರು. ಹೊರಗಿನಿಂದ ನೋಡಿದರೆ ಅಳತೆ ಇದೆ, ಕಂಪನಿಯ ಹೆಸರಿದೆ, ವೇಗದ ದರ್ಜೆಯ ಅಕ್ಷರವೂ ಇದೆ, ಆದರೆ ವಯಸ್ಸು ಮಾತ್ರ ಕಾಣುವುದಿಲ್ಲ. ಅದು ಉದ್ದೇಶಪೂರ್ವಕವೋ ಅಲ್ಲವೋ ಸಾಬೀತು ಮಾಡಲು ನನ್ನಲ್ಲಿ ಬಿಲ್ಲೇ ಇಲ್ಲ.

ನನ್ನ ಟೈರಿನ ಮೇಲೆ ಇದ್ದ ಅಕ್ಷರ ಟಿ, ಅಂದರೆ ಗಂಟೆಗೆ 190 ಕಿ.ಮೀ. ತನಕ. ಎಸ್ ಎಂದರೆ 180, ಎಚ್ ಎಂದರೆ 210, ವಿ ಎಂದರೆ 240. ನನ್ನ ಕಾರು 190 ಮುಟ್ಟುವುದಿಲ್ಲವಲ್ಲ ಎಂದು ನಾನು ನಿಶ್ಚಿಂತನಾಗಿದ್ದೆ. ಆ ದರ್ಜೆ ಸರಿಯಾದ ಗಾಳಿಯುಳ್ಳ, ಗಾಯವಿಲ್ಲದ, ಸುಸ್ಥಿತಿಯಲ್ಲಿರುವ ಟೈರಿಗೆ ಸಲ್ಲುವ ಮಾತು. ಸುಮಾರು ಹತ್ತು ವರ್ಷ ಬಳ್ಳಾರಿಯ ಸೆಕೆಯಲ್ಲಿ ಗೋದಾಮಿನಲ್ಲಿ ಬಿದ್ದಿದ್ದ ಟೈರಿಗಲ್ಲ. ಓಡಲಿ ಬಿಡಲಿ, ರಬ್ಬರು ಆಮ್ಲಜನಕ ಮತ್ತು ಶಾಖದಿಂದ ಗಡುಸಾಗುತ್ತಲೇ ಇರುತ್ತದೆ, ಒಳಗಿನ ಉಕ್ಕಿನ ತಂತಿಯ ಪಟ್ಟಿಗೂ ಅದರ ಸುತ್ತಲಿನ ರಬ್ಬರಿಗೂ ಇರುವ ಬೆಸುಗೆ ದುರ್ಬಲವಾಗುತ್ತಲೇ ಇರುತ್ತದೆ. ಬಟನ್ ನೋಡಿ ಟೈರಿನ ಆಯುಸ್ಸು ಹೇಳುವುದು ಸಾಧ್ಯವಿಲ್ಲ.

ಇದರ ಜೊತೆಗೆ ಇನ್ನೊಂದು ತಪ್ಪು ಸೇರಿಕೊಂಡಿತು, ಇದು ನಮ್ಮ ಜಿಲ್ಲೆಯಲ್ಲಿ ಮನೆಮನೆಯ ನಂಬಿಕೆಯಾದ್ದರಿಂದ ಬಿಡಿಸಿ ಹೇಳುತ್ತೇನೆ. ಹೊರಡುವ ಹಿಂದಿನ ದಿನ ಪಂಕ್ಚರ್ ಅಂಗಡಿಯ ಹಿರಿಯರು, "ಬ್ಯಾಸಿಗಿಗೆ ಗಾಳಿ ಕಮ್ಮಿ ಇರ್ಬೇಕ್ರಿ ತಮ್ಮಾ, ಜಾಸ್ತಿ ಇದ್ರ ಸಿಡೀತೈತಿ" ಎಂದು ಪ್ರೀತಿಯಿಂದಲೇ ಗಾಳಿಯ ಒತ್ತಡವನ್ನು 26 ಪಿಎಸ್‌ಐಗೆ ಇಳಿಸಿದರು. ನಿಜಾಂಶ ಇದಕ್ಕೆ ತದ್ವಿರುದ್ಧ. ಗಾಳಿ ಕಡಿಮೆಯಾದಷ್ಟೂ ಟೈರಿನ ಮಗ್ಗುಲು ಪ್ರತಿ ಸುತ್ತಿಗೂ ಹೆಚ್ಚು ಮಡಚಿ ಬಿಚ್ಚುತ್ತದೆ, ಆ ಮಡಚುವಿಕೆಯಿಂದಲೇ ಶಾಖ ಹುಟ್ಟುತ್ತದೆ. ನನ್ನ ಟೈರಿನ ವ್ಯಾಸ ಸುಮಾರು 58 ಸೆಂ.ಮೀ.; 170ರ ವೇಗದಲ್ಲಿ ಅದು ಸೆಕೆಂಡಿಗೆ 25ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ, ಮತ್ತು ಅಂಚಿನಲ್ಲಿರುವ ಒಂದೊಂದು ಗ್ರಾಂ ರಬ್ಬರೂ ಮುಕ್ಕಾಲು ಕಿಲೋ ತೂಗುಹಾಕಿದಷ್ಟು ಬಲದಿಂದ ಹೊರಕ್ಕೆ ಜಗ್ಗುತ್ತದೆ. ಬೆಸುಗೆ ಬಿಟ್ಟ, ಬಿಸಿಯಾದ ಪದರ ಆ ಬಲಕ್ಕೆ ನಿಲ್ಲುವುದು ಹೇಗೆ?

ಅಂದು ಮೊದಲ ಓಟ ಸರಾಗವಾಗಿ ಮುಗಿಯಿತು. ಎರಡನೆಯದರಲ್ಲಿ, ಮೈಲಿಯ ಕೊನೆಯ ಗುರುತು ಇನ್ನೂ ಮುಂದಿರುವಾಗ, ಸೀಟಿನ ಕೆಳಗಿನಿಂದ ಸಣ್ಣ ಅದುರು ಬಂತು. ರನ್‌ವೇಯ ಕಾಂಕ್ರೀಟಿನ ಸಂದುಗಳಿರಬಹುದೆಂದು ತಿಳಿದು ನಾನು ಕಾಲು ತೆಗೆಯಲಿಲ್ಲ. ಅದೇ ನನ್ನ ದೊಡ್ಡ ತಪ್ಪು. ಎರಡು ಮೂರು ಸೆಕೆಂಡಿನಲ್ಲಿ ಯಾರೋ ಕಬ್ಬಿಣದ ಸರಪಳಿಯಿಂದ ಕಾರಿನ ಮೈಗೆ ಹೊಡೆಯುತ್ತಿರುವಂಥ ಸದ್ದು, ಹಿಂದೆಯೇ ಕಾರಿನ ಹಿಂಭಾಗ ಬಲಕ್ಕೆ ಜಾರಿತು. ಆ ಕ್ಷಣದಲ್ಲಿ ಬ್ರೇಕು ಒತ್ತದೆ, ಸ್ಟೀರಿಂಗ್ ಗಟ್ಟಿಯಾಗಿ ಹಿಡಿದು, ಆಕ್ಸಿಲರೇಟರನ್ನು ನಿಧಾನವಾಗಿ ಬಿಟ್ಟೆ. ಕಾರು ಎರಡು ಸಲ ಹೊಯ್ದಾಡಿ ನೆಟ್ಟಗಾಯಿತು. ವೇಗ ಅರ್ಧಕ್ಕೆ ಇಳಿದ ಮೇಲೆ ಬ್ರೇಕಿನ ಮೇಲೆ ಕಾಲಿಟ್ಟರೆ ಪೆಡಲ್ ಮೆತ್ತಗೆ ಕೆಳಗಿಳಿಯಿತು. ಕಿತ್ತ ಪದರ ಚಾಟಿಯಂತೆ ಬೀಸಿ ಆ ಚಕ್ರದ ಬ್ರೇಕ್ ಹೋಸನ್ನು ಹರಿದಿತ್ತು. ಬ್ರೇಕಿನ ಎಣ್ಣೆ ಮೂಲೆಯಿಂದ ಮೂಲೆಗೆ ಎರಡು ಪ್ರತ್ಯೇಕ ದಾರಿಗಳಲ್ಲಿ ಹೋಗುವುದರಿಂದ ಎಡ ಮುಂದಿನ ಮತ್ತು ಬಲ ಹಿಂದಿನ ಚಕ್ರಗಳು ಮಾತ್ರ ಹಿಡಿದವು. ಗೇರು ಇಳಿಸುತ್ತಾ ಹೇಗೋ ಹುಲ್ಲಿನ ಅಂಚಿನಲ್ಲಿ ನಿಲ್ಲಿಸಿದೆ. ಬಾಗಿಲು ತೆಗೆದಾಗ ಪೆಟ್ರೋಲಿನ ವಾಸನೆ ಮುಖಕ್ಕೆ ಬಡಿಯಿತು. ಟ್ಯಾಂಕಿಗೆ ಪೆಟ್ರೋಲ್ ಇಳಿಯುವ ರಬ್ಬರ್ ಪೈಪು ಆ ಚಕ್ರದ ಹಿಂದೆಯೇ ಹಾದುಹೋಗುತ್ತದೆ. ಇಪ್ಪತ್ತಮೂರು ವರ್ಷದ ಆ ಪೈಪು ಏಟಿಗೆ ಬಾಗದೆ ಒಣಗಿದ ಬಳ್ಳಿಯಂತೆ ಸೀಳಿಹೋಗಿತ್ತು. ಈಗ ಪೆಟ್ರೋಲಿನಲ್ಲಿ ಬೆರೆಸುತ್ತಿರುವ ಎಥನಾಲ್ ಹಳೆಯ ಕಾಲದ ರಬ್ಬರಿಗೆ ಒಗ್ಗುವುದಿಲ್ಲ. ಆದ್ದರಿಂದ ಪೆಟ್ರೋಲ್ ತುಂಬುವ ಬಾಯಿಯಿಂದ ಎಂಜಿನ್ನಿನವರೆಗಿನ ಪ್ರತಿಯೊಂದು ರಬ್ಬರ್ ಪೈಪನ್ನೂ ಬದಲಿಸದೆ ಹಳೆಯ ಕಾರನ್ನು ಇಂಥ ಓಟಕ್ಕೆ ಒಯ್ಯಬೇಡಿ. ಬ್ರೇಕಿನ ಹೋಸುಗಳ ವಿಷಯವೂ ಅಷ್ಟೆ. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ: ಡಾಟ್ 4 ದರ್ಜೆಯ ಎಣ್ಣೆ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಗೆ ಕುದಿಯುವಂಥದ್ದು, ತೇವ ಸೇರಿದ ಮೇಲೆ 155 ಡಿಗ್ರಿಗೇ ಕುದಿಯಬಹುದು, ಕುದಿದರೆ ಬ್ರೇಕು ಸರಿಯಾಗಿ ಹಿಡಿಯದು.

ಆಯೋಜಕರ ತಪಾಸಣೆಯ ಬಗ್ಗೆಯೂ ಹೇಳಲೇಬೇಕು. ಹೆಲ್ಮೆಟ್ ನೋಡಿದರು, ಸೀಟ್ ಬೆಲ್ಟ್ ಎಳೆದರು, ಬ್ಯಾಟರಿಯ ಕ್ಲಾಂಪ್ ಅಲುಗಾಡಿಸಿದರು, ಸ್ಟಿಕ್ಕರ್ ಅಂಟಿಸಿದರು. ಟೈರಿನ ವಯಸ್ಸನ್ನು ಯಾರೂ ಕೇಳಲಿಲ್ಲ. ಬೆಂಕಿ ಆರಿಸುವ ಸಿಲಿಂಡರ್ ನನ್ನ ಕಾರಿನ ಬಳಿಗೆ ಬರುವಷ್ಟರಲ್ಲಿ ನಾನು ಐವತ್ತು ಹೆಜ್ಜೆ ದೂರ ಓಡಿ ನಿಂತಿದ್ದೆ. ನಮ್ಮ ದೇಶದ ಮೋಟಾರು ಕ್ರೀಡೆಯ ಆಡಳಿತ ಸಂಸ್ಥೆಯಾದ ಎಫ್‌ಎಂಎಸ್‌ಸಿಐನ ಅನುಮತಿ ಇದೆಯೇ ಎಂದು ಹಣ ಕಟ್ಟುವ ಮೊದಲೇ ಕೇಳಿ, ಪತ್ರ ತೋರಿಸಿ ಎನ್ನಿ. ಸಾಮಾನ್ಯ ಕಾರು ವಿಮೆಯ ಪತ್ರದಲ್ಲಿ ಸಂಘಟಿತ ರೇಸಿಂಗ್ ಮತ್ತು ವೇಗ ಪರೀಕ್ಷೆಗೆ ಬಳಸಿದರೆ ಪರಿಹಾರವಿಲ್ಲವೆಂದು ಅಚ್ಚಾಗಿಯೇ ಇರುತ್ತದೆ. ನಾನದನ್ನು ಓದಿದ್ದು ಊರಿಗೆ ಮರಳಿದ ಮೇಲೆ. ಇನ್ನು ಅಭ್ಯಾಸಕ್ಕೆಂದು ಹೊಸಪೇಟೆ ಹೆದ್ದಾರಿಗೆ ಇಳಿಯುವವರಿಗೆ: ಅನುಮತಿಯಿಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ವೇಗದ ಸ್ಪರ್ಧೆ ಮಾಡಿದರೆ ಮೋಟಾರು ವಾಹನ ಕಾಯಿದೆಯ 189ನೆಯ ಕಲಮಿನ ಪ್ರಕಾರ ಮೊದಲ ಸಲಕ್ಕೇ ಮೂರು ತಿಂಗಳ ತನಕ ಜೈಲು ಅಥವಾ 5,000 ರೂಪಾಯಿ ತನಕ ದಂಡ, ಇಲ್ಲವೆ ಎರಡೂ ಆಗಬಹುದು. ಅದಕ್ಕಿಂತ ಮುಖ್ಯವಾಗಿ, ಆ ರಸ್ತೆಯಲ್ಲಿ ಅದಿರಿನ ಲಾರಿಗಳಿರುತ್ತವೆ, ಹೊಲದಿಂದ ಮನೆಗೆ ಹೋಗುವ ಜನರಿರುತ್ತಾರೆ.

ಉಳಿದ ಮೂರು ಟೈರುಗಳನ್ನೂ ಬಿಚ್ಚಿ ನೋಡಿದೆ: ಎರಡರ ಮೇಲೆ 2314, ಒಂದರ ಮೇಲೆ 4113. ಹೊರನೋಟಕ್ಕೆ ಅವು ಇವತ್ತಿಗೂ ಹೊಸ ಟೈರುಗಳೇ, ಅಂಗಡಿಗೆ ಹಿಂತಿರುಗಿಸಿದರೆ ಮತ್ತೊಬ್ಬರ ಕಾರಿಗೆ ಏರುವುದು ಖಚಿತ. ಅದಕ್ಕೇ ಮೂರರ ಮಗ್ಗುಲನ್ನೂ ಗರಗಸದಿಂದ ಅಡ್ಡಲಾಗಿ ಸೀಳಿ, ಆಮೇಲೆ ಗುಜರಿಗೆ ಹಾಕಿದೆ.