ಅಪ್ಪನ ಮನೆ, ಮೂವರ ಪಾಲು: ನಮ್ಮ ಆಡಿಟರ್ ಸೇವೆಯ ಬಗ್ಗೆ

ಅಪ್ಪ 1984ರಲ್ಲಿ ಮೈಸೂರಿನಲ್ಲಿ ಕಟ್ಟಿಸಿದ್ದ ಮನೆಯನ್ನು, ಅವರ ಕಾಲಾನಂತರ ನಾವು ಮೂವರು ಮಕ್ಕಳು 2025ರ ಫೆಬ್ರವರಿಯಲ್ಲಿ ₹1.20 ಕೋಟಿಗೆ ಮಾರಿದೆವು. ತೆರಿಗೆಯ ಲೆಕ್ಕಕ್ಕೆ ಪರಿಚಿತರು ಸೂಚಿಸಿದ ಆಡಿಟರ್ ಒಬ್ಬರನ್ನು ನೆಚ್ಚಿಕೊಂಡೆವು.

ತಮ್ಮನೂ ಅಮೆರಿಕದಲ್ಲಿರುವ ತಂಗಿಯೂ ಹಕ್ಕು ಬಿಡುಗಡೆ ಪತ್ರ ಬರೆದುಕೊಡುವುದು, ನಾನೊಬ್ಬನೇ ಕ್ರಯಪತ್ರಕ್ಕೆ ಸಹಿ ಹಾಕಿ ಆಮೇಲೆ ಹಣ ಹಂಚುವುದು ಎಂದು ನಾವು ಮಾತಾಡಿಕೊಂಡಿದ್ದೆವು. ಓಡಾಟ ಉಳಿಯುತ್ತದೆಂಬುದಷ್ಟೇ ನಮ್ಮ ಲೆಕ್ಕ. ಆಡಿಟರ್ ಮೊದಲ ಭೇಟಿಯಲ್ಲೇ ಇದನ್ನು ತಡೆದರು. ಹಾಗೆ ಮಾಡಿದರೆ ಇಡೀ ಬಂಡವಾಳ ಲಾಭ (ಮಾರಿದ ಬೆಲೆಯಲ್ಲಿ ವೆಚ್ಚ ಕಳೆದು ಉಳಿಯುವ, ತೆರಿಗೆ ಬೀಳುವ ಮೊತ್ತ) ನನ್ನೊಬ್ಬನ ತಲೆಗೆ ಬರುತ್ತದೆ. ಒಡಹುಟ್ಟಿದವರಿಗೆ ನಾನು ಕೊಡುವ ಹಣ ಉಡುಗೊರೆಯಾಗಿ ಅವರಿಗೆ ತೆರಿಗೆಮುಕ್ತವಾದರೂ, ನನ್ನ ಲಾಭದಿಂದ ಅದನ್ನು ಕಳೆಯಲು ಬರುವುದಿಲ್ಲ. ಆದಾಯ ₹50 ಲಕ್ಷ ಮೀರುವುದರಿಂದ ತೆರಿಗೆಯ ಮೇಲೆ ಸರ್ಚಾರ್ಜ್ ಎಂಬ ಹೆಚ್ಚುವರಿ ತೆರಿಗೆ ಬೇರೆ. ಮೂವರೂ ವಾರಸುದಾರರಾಗಿಯೇ ಸಹಿ ಹಾಕಿದರೆ ಅವರವರ ಪಾಲಿಗೆ ಅವರವರೇ ತೆರಿಗೆ ಕಟ್ಟಬಹುದು. ತಂಗಿಯಿಂದ ಅಧಿಕಾರ ಪತ್ರ ತರಿಸಿ ಹಾಗೆಯೇ ಮಾಡಿದೆವು.

ಅವರ ಶ್ರದ್ಧೆ ನನಗೆ ಹೆಚ್ಚು ಕಂಡದ್ದು 2001ರ ಏಪ್ರಿಲ್ 1ರ ಮೌಲ್ಯದ ವಿಷಯದಲ್ಲಿ. ಅಪ್ಪ ಖರ್ಚು ಮಾಡಿದ ಹಣದ ಬದಲು ಆ ದಿನದ ಮಾರುಕಟ್ಟೆ ಬೆಲೆಯನ್ನು ವೆಚ್ಚವೆಂದು ತೋರಿಸಬಹುದು, ಆದರೆ ಅದು ಅಂದಿನ ಮಾರ್ಗಸೂಚಿ ಮೌಲ್ಯವನ್ನು (ನೋಂದಣಿಗೆಂದು ಸರ್ಕಾರ ನಿಗದಿಪಡಿಸುವ ಬೆಲೆ) ಮೀರಬಾರದು. ಮೌಲ್ಯಮಾಪಕರ ವರದಿಯನ್ನು ಉಪನೋಂದಣಾಧಿಕಾರಿ ಕಚೇರಿಯ ಹಳೆಯ ದರಕ್ಕೆ ತಾಳೆ ನೋಡಿ ₹20 ಲಕ್ಷಕ್ಕೆ ನಿಲ್ಲಿಸಿದರು. 2024ರ ಜುಲೈ 23ರ ಬದಲಾವಣೆಯ ನಂತರ ದರ ಶೇ. 12.5, ಹಳೆಯ ಆಸ್ತಿಗೆ ಹಣದುಬ್ಬರದ ಸೂಚ್ಯಂಕ ಹಚ್ಚಿ (ಬೆಲೆಯೇರಿಕೆಗೆ ತಕ್ಕಂತೆ ವೆಚ್ಚವನ್ನು ಹೆಚ್ಚಿಸಿ) ಶೇ. 20ರಂತೆ ಕಟ್ಟುವ ಆಯ್ಕೆ ಭಾರತದ ನಿವಾಸಿಗಳಿಗೆ ಮಾತ್ರ ಉಳಿದಿದೆ. ಸೂಚ್ಯಂಕ 363 ಆಗಿದ್ದರಿಂದ ನನಗೂ ತಮ್ಮನಿಗೂ ಸೆಸ್ ಸೇರಿ ತಲಾ ₹3.29 ಲಕ್ಷ ಬಂತು. ಅದೇ ಪಾಲಿಗೆ ತಂಗಿಗೆ ₹4.33 ಲಕ್ಷ. ಇದನ್ನು ಅವಳಿಗೆ ಫೋನಿನಲ್ಲಿ ವಿವರಿಸುವ ಕೆಲಸ ಮಾತ್ರ ನನ್ನ ಪಾಲಿಗೆ ಬಂತು.

ಕೊರತೆಯೂ ಅವಳ ವಿಷಯದಲ್ಲೇ ಆಯಿತು. ನಮ್ಮಿಬ್ಬರಿಂದ ಖರೀದಿದಾರರು ಶೇ. 1ರಷ್ಟು ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿದರು. ಅನಿವಾಸಿಯಾದ ತಂಗಿಯಿಂದ, ಲಾಭದ ಮೊತ್ತಕ್ಕೆ ಬದಲು ಇಡೀ ₹40 ಲಕ್ಷದ ಪಾಲಿಗೇ ₹5.20 ಲಕ್ಷ ಹಿಡಿದರು. ಕಡಿಮೆ ಟಿಡಿಎಸ್ ಹಿಡಿಯಲು ತೆರಿಗೆ ಇಲಾಖೆ ಕೊಡುವ ಪ್ರಮಾಣಪತ್ರಕ್ಕೆ ಮೊದಲೇ ಅರ್ಜಿ ಹಾಕಿದ್ದರೆ ಇದು ತಪ್ಪುತ್ತಿತ್ತು. ಆಡಿಟರ್ ಅದನ್ನು ನೆನಪಿಸಿದ್ದು ನೋಂದಣಿಗೆ ನಾಲ್ಕು ದಿನವಿರುವಾಗ. ಹೆಚ್ಚುವರಿ ₹87 ಸಾವಿರ ಮರಳಿ ಪಡೆಯಲು ಅವಳು ಇಲ್ಲಿ ರಿಟರ್ನ್ಸ್ ಸಲ್ಲಿಸಿ ಕಾಯಬೇಕಾಯಿತು. ಆ ರಿಟರ್ನ್ಸ್‌ಗೆ ಆಡಿಟರ್ ಪ್ರತ್ಯೇಕ ಶುಲ್ಕ ಕೇಳಲಿಲ್ಲ. ಕೇಳಿದ್ದರೆ ನಾನು ಕೊಡುತ್ತಲೂ ಇರಲಿಲ್ಲ.